ರಂಗೂನಿನ ಸಭೆಯ ಬೊಗಸೆ

ರಂಗೂನಿನಿಂದ ನನ್ನನ್ನು ಹೊಗಳಿ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಬೈದು ಬರೆದಿದ್ದರೆ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದೆನೋ ಏನೋ. ಅದು ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆ. ನಾನು ಚನ್ನಗಿರಿಯಲ್ಲಿ ಒಂದು ಕೋಣೆ ಹಿಡಿದು, ಕಚೇರಿಗೆ ಹೋಗುವವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟು ದಿನ ನೂಕುತ್ತಿದ್ದೆ. ಊರಿನವರ ಬಾಯಲ್ಲಿ ನಾನು ಅರ್ಜಿ ಮೇಷ್ಟ್ರು. ಈ ಮನುಷ್ಯ ನಾಲ್ಕು ವರ್ಷದ ಹಿಂದೆ ಕಡಲಾಚೆ ಪಾದ್ರಿಯಾಗಿದ್ದ, ಆರೇಳು ದೇಶದ ಜನ ಕೂಡುವ ಸಭೆಗೆ ಪ್ರಸಂಗ ಮಾಡುತ್ತಿದ್ದ ಎನ್ನುವುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಲಿ ಎಂಬ ಆಸೆ ನನಗೂ ಇರಲಿಲ್ಲ.

ಕಾಗದ ಬರೆದವರು ಸಾ ಪೋ ತೇನ್. ಬರ್ಮಾದ ಕರೆನ್ ಜನದವರು, ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು, ನಮ್ಮ ಸಭೆಯ ಹಿರಿಯರು. ಬಾಂಬು ಬಿದ್ದು ಹಾರಿಹೋಗಿದ್ದ ದೇವಾಲಯದ ಸೂರನ್ನು ಮತ್ತೆ ಹೊದಿಸಿದ್ದಾರಂತೆ. ಚೀನೀಯರು, ಕರೆನರು, ತಮಿಳರು, ಬದುಕುಳಿದ ಒಬ್ಬಿಬ್ಬರು ಬಿಳಿಯರು ಮತ್ತೆ ಕೂಡುತ್ತಿದ್ದಾರಂತೆ. ಜಪಾನಿನವರು ಇದ್ದ ಕಾಲದಲ್ಲಿ ದ್ರಾಕ್ಷಾರಸ ಸಿಗದೆ ಗಂಜಿಯ ತಿಳಿಯನ್ನೇ ಇಟ್ಟುಕೊಂಡು ಕರ್ತನ ಭೋಜನ ನಡೆಸಿದರಂತೆ. "ಆಗಲೂ ನಿಮ್ಮ ಬೊಗಸೆಯನ್ನು ನಾವು ಬಿಡಲಿಲ್ಲ," ಎಂದು ಬರೆದಿದ್ದರು. "ನೀವು ಕಲಿಸಿದ ಆ ವಿನಯವೇ ನಮ್ಮನ್ನು ಕಾಪಾಡಿತು. ಬಾಗಿಲ ಪಕ್ಕದ ಕಲ್ಲಿನಲ್ಲಿ ಬೊಗಸೆಯ ಅರ್ಥವನ್ನು ನಿಮ್ಮ ಭಾಷೆಯಲ್ಲಿ, ನಿಮ್ಮ ಲಿಪಿಯಲ್ಲಿ ಕೆತ್ತಿಸಬೇಕೆಂದಿದ್ದೇವೆ. ಒಂದೇ ಸಾಲು ಬರೆದು ಕಳಿಸಿ. ಕ್ರಿಸ್‌ಮಸ್ಸಿನ ಹೊತ್ತಿಗೆ ನೀವೂ ಬಂದು ಮತ್ತೆ ನಮ್ಮ ಸಭಾಪಾಲಕರಾಗಿ."

ಮೂರು ಸಲ ಓದಿ ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ಯಾರೋ ನೋಡಿಬಿಡುತ್ತಾರೆ ಎನ್ನುವ ಹಾಗೆ ಟ್ರಂಕಿಗೆ ಬೀಗವನ್ನೂ ಹಾಕಿದೆ. ಆ ಕಲ್ಲಿನ ಮೇಲೆ ಬರೆಯುವಂಥ ಒಂದು ಸಾಲೂ ನನ್ನ ಹತ್ತಿರ ಇರಲಿಲ್ಲ. ಇದ್ದ ಸಾಲನ್ನು ಕಲ್ಲಿನ ಮೇಲೆ ಬರೆಸುವ ಎದೆ ಇರಲಿಲ್ಲ.

ಯಾಕೆ ಎನ್ನುವುದನ್ನು ಮೊದಲಿನಿಂದಲೇ ಹೇಳಬೇಕು. ನಾನು ಹುಟ್ಟಿದ್ದು ನ್ಯಾಮತಿಯಲ್ಲಿ. ಅಡಿಕೆ ವ್ಯಾಪಾರದ ಮಲ್ಲಿಕಾರ್ಜುನಪ್ಪನವರ ಎರಡನೆಯ ಮಗ, ಹಾಲಸ್ವಾಮಿ. ನಮ್ಮದು ಶಿವಭಕ್ತರ ಮನೆ. ಅವ್ವ ಸರ್ವಮಂಗಳಮ್ಮ ನನಗೆ ಮಾತಿಗಿಂತ ಮೊದಲು ಕಲಿಸಿದ್ದು ನೀರು ಕುಡಿಯುವುದನ್ನು. "ಕಚ್ಚಿ ಕುಡೀಬ್ಯಾಡ, ಎತ್ತಿ ಕುಡಿ," ಎನ್ನುತ್ತಿದ್ದಳು. ಲೋಟದ ಅಂಚು ತುಟಿಗೆ ತಾಗಿತೋ, ಬೆನ್ನಿಗೆ ಒಂದು ಬೀಳುತ್ತಿತ್ತು. ಎಂಜಲು ಎನ್ನುವುದು ನಮ್ಮ ಮನೆಯಲ್ಲಿ ಜ್ವರಕ್ಕಿಂತ ದೊಡ್ಡ ರೋಗ.

ಇಪ್ಪತ್ತೆರಡನೆಯ ವಯಸ್ಸಿಗೆ ಹೊನ್ನಾಳಿಯಲ್ಲಿ ಹೊಳೆ ದಂಡೆಗೆ ಡೇರೆ ಹಾಕಿಕೊಂಡಿದ್ದ ಒಬ್ಬ ಪಾದ್ರಿ ದೊರೆಗಳ ಹತ್ತಿರ ಇಂಗ್ಲಿಷು ಕಲಿಯಲು ಹೋದೆ. ಇಂಗ್ಲಿಷಿನ ಜೊತೆಗೆ ಬೇರೆಯದೂ ಮನಸ್ಸಿಗೆ ಹತ್ತಿತು. ಒಂದು ಭಾನುವಾರ ಅದೇ ಹೊಳೆಯಲ್ಲಿ ದೀಕ್ಷಾಸ್ನಾನವಾಯಿತು. ಸುದ್ದಿ ನ್ಯಾಮತಿಗೆ ಮುಟ್ಟಿದ ದಿನವೇ ಅಪ್ಪ ನನ್ನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡರು. ಬದುಕಿದ್ದ ಮಗನ ಸೂತಕ ಕಳೆದುಕೊಂಡರು. ನಾನು ಅತ್ತೆ, ಆದರೆ ಒಳಗೊಳಗೇ ಹೆಮ್ಮೆಯೂ ಇತ್ತು. ಮುಂದೆ ಎಲ್ಲಿ ಪ್ರಸಂಗಕ್ಕೆ ನಿಂತರೂ ಜಾತಿಯನ್ನು ಹೊನ್ನಾಳಿಯ ಹೊಳೆಯಲ್ಲಿ ಬಿಟ್ಟು ಬಂದೆ ಎಂದು ಒಂದು ಸಲವಾದರೂ ಹೇಳದೆ ಕೂರುತ್ತಿರಲಿಲ್ಲ. ಜನ ತಲೆದೂಗುತ್ತಿದ್ದರು. ತಲೆದೂಗಲಿ ಎಂದೇ ಹೇಳುತ್ತಿದ್ದೆ.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ನನ್ನನ್ನು ರಂಗೂನಿಗೆ ಕಳಿಸಿದರು. ಬಂದರಿನ ಹತ್ತಿರ ಕೆಂಪು ಹೆಂಚಿನ ಸಣ್ಣ ದೇವಾಲಯ. ಹಡಗಿನ ಗುಮಾಸ್ತರು, ಚೀನೀ ಅಂಗಡಿಯವರು, ದಾದಿಯರು, ಗೋದಾಮಿನ ಕೂಲಿಗಳು, ಎಲ್ಲ ಬಣ್ಣದವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಹಾಲಸ್ವಾಮಿ ಎನ್ನಲು ಬಾರದೆ ಎಲ್ಲರೂ ನನ್ನನ್ನು ರೆವರೆಂಡ್ ಸ್ವಾಮಿ ಎಂದು ಕರೆದರು. ನಮ್ಮಪ್ಪ ಕೇಳಿದ್ದರೆ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ಆ ಸಭೆಗೆ ತನ್ನದೇ ಒಂದು ಪದ್ಧತಿ ಇತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕ್ರಮ. ಬೆಳ್ಳಿಯ ಬಟ್ಟಲು ಒಂದೇ. ಅದಕ್ಕೆ ಒಬ್ಬರಾದ ಮೇಲೊಬ್ಬರು ಬಾಯಿಟ್ಟು ಕುಡಿಯಬೇಕು. ಬಡಿಸುವವನು ಕೊನೆಗೆ ಉಣ್ಣಬೇಕು ಎಂದು, ಉಳಿದದ್ದನ್ನು ಎಲ್ಲರಾದ ಮೇಲೆ ಪಾದ್ರಿ ಕುಡಿಯಬೇಕು. ಮೊದಲ ತಿಂಗಳು ಕಣ್ಣು ಮುಚ್ಚಿಕೊಂಡು ನುಂಗಿದೆ. ಎರಡನೆಯ ತಿಂಗಳು ಸಲೀಸಾಯಿತು. ಚೀನೀಯರ ಎಂಜಲು, ಬಿಳಿಯರ ಎಂಜಲು, ಕರೆನರ ಎಂಜಲು ಎಲ್ಲವೂ ಒಂದೇ ಗುಟುಕಿನಲ್ಲಿ ಹೋಯಿತು. ನಾನು ಗೆದ್ದೆ, ಅವ್ವನ ಏಟು ಬೆನ್ನಿನಿಂದ ಹೋಯಿತು ಎಂದುಕೊಂಡೆ. ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಮೂವತ್ತೇಳರ ಒಂದು ಭಾನುವಾರ ಆರಾಧನೆ ಮುಗಿದು ಬಾಗಿಲಲ್ಲಿ ನಿಂತು ಜನರ ಕೈ ಕುಲುಕುತ್ತಿದ್ದೆ. ಕೊನೆಯಲ್ಲಿ ಒಬ್ಬ ಎತ್ತರದ, ಒಣಕಲು ಮನುಷ್ಯ ಬಂದ. ಕೈ ಕೊಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕನ್ನಡದಲ್ಲಿ ಮಾತಾಡಿದ. "ಬುದ್ಧಿ, ನಿಮ್ಮ ಇಂಗ್ಲೀಷು ಕೇಳಿದ್ರೆ ನಮ್ಮ ಕಡೇರು ಅನ್ನಿಸ್ತು. ಹೌದೇನ್ರಿ?"

ಎರಡು ವರ್ಷದಿಂದ ಕಿವಿಗೆ ಬೀಳದ ಮಾತು. ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕು ಎನ್ನಿಸಿತು. ತಬ್ಬಿಕೊಳ್ಳಲಿಲ್ಲ. ಬದಲಿಗೆ, ನಮ್ಮೂರ ಕಡೆ ಯಾರು ಎದುರಾದರೂ ಕೇಳುವುದನ್ನು ಕೇಳಿದೆ.

"ಯಾವೂರು?"

"ಜಗಳೂರು ಕಡೆ. ಅಂಜಿನಪ್ಪ ಅಂತಾರೆ. ಕೂಲಿಗೆ ಜನ ಕರ್ಕಂಡು ಬರೋ ಮೇಸ್ತ್ರಿ ಜೊತೆ ಹಡಗು ಹತ್ತಿ ಬಂದೆ. ಇಲ್ಲಿ ಚೀನಿಯೋನ ಬೂಟಿನ ಅಂಗಡ್ಯಾಗೆ ಹೊಲಿಗೆ ಕೆಲಸ ಐತೆ. ತೆಲುಗರ ಸಭ್ಯಾಗೆ ಸ್ನಾನ ಆತು. ಆದ್ರೆ ಅವರ ಮಾತು ತಲೆಗೆ ಹೋಗಲ್ಲ."

"ಯಾರ ಪೈಕಿ?"

ಎರಡು ವರ್ಷದಲ್ಲಿ ಆ ಸಭೆಯ ಒಬ್ಬ ಚೀನೀಯನನ್ನಾಗಲಿ, ಒಬ್ಬ ಕರೆನನನ್ನಾಗಲಿ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ. ನಮ್ಮವನೊಬ್ಬ ಸಿಕ್ಕ ಕೂಡಲೇ ನಾಲಿಗೆ ತಾನೇ ಕೇಳಿತು.

ಅಂಜಿನಪ್ಪನ ಮುಖದಲ್ಲಿದ್ದ ನಗು ಪೂರ್ತಿ ಹೋಗಲಿಲ್ಲ, ಸ್ವಲ್ಪ ಹಿಂದೆ ಸರಿಯಿತು. "ನಾವು ಊರ ಹೊರಗಿನೋರು ಬುದ್ಧಿ," ಎಂದ.

"ಇಲ್ಲಿ ಬುದ್ಧಿ ಗಿದ್ಧಿ ಅನ್ನಬ್ಯಾಡ. ಅಯ್ಯಾರು ಅನ್ನು, ಸಾಕು," ಎಂದೆ. ಎಷ್ಟು ಉದಾರಿ ನಾನು ಎಂದು ಆಗ ನನಗೇ ಮೆಚ್ಚುಗೆಯಾಗಿತ್ತು.

ಮುಂದಿನ ತಿಂಗಳ ಮೊದಲ ಭಾನುವಾರ ಅವನು ಮೂರನೆಯ ಸಾಲಿನಲ್ಲಿದ್ದ. ಬಟ್ಟಲು ಅವನ ಕೈಗೆ ಹೋಯಿತು. ಅವನು ಕಣ್ಣು ಮುಚ್ಚಿ, ತುಟಿಯಿಟ್ಟು, ನಿಧಾನವಾಗಿ ಕುಡಿದ. ಅವನ ನಂತರ ಒಬ್ಬ ಚೀನೀ ಹೆಂಗಸು ಕುಡಿದಳು, ಸಾ ಪೋ ತೇನ್ ಕುಡಿದರು, ಇನ್ನೂ ಹನ್ನೆರಡು ಜನ ಕುಡಿದರು. ಬಟ್ಟಲು ನನಗೆ ಬಂತು. ಇಷ್ಟು ಜನರಲ್ಲಿ ನನ್ನ ಕಣ್ಣಿಗೆ ಕಂಡದ್ದು ಅವನ ತುಟಿ ತಾಗಿದ ಅಂಚು ಒಂದೇ. ಬಟ್ಟಲನ್ನು ಬಾಯಿಯವರೆಗೆ ಎತ್ತಿ, ಗಂಟಲು ಕುಣಿಸಿ, ಕುಡಿದ ಹಾಗೆ ಮಾಡಿದೆ. ಆರಾಧನೆ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಹುಣಸೆ ಮರದ ಬುಡಕ್ಕೆ ಎಲ್ಲವನ್ನೂ ಸುರಿದೆ. ಕುಡಿಯದೇ ಇದ್ದ ಬಾಯನ್ನು ಎರಡು ಸಲ ಮುಕ್ಕಳಿಸಿದೆ.

ತಿರುಗಿದರೆ ಅಂಜಿನಪ್ಪ ನಿಂತಿದ್ದ. ಅವನ ಕೈಯಲ್ಲಿ ಒಂದು ಜೊತೆ ಚಪ್ಪಲಿ. ನಮ್ಮ ಕಡೆಯ ಹೊಲಿಗೆ, ದಪ್ಪ ಅಟ್ಟೆ, ಹೆಬ್ಬೆರಳಿಗೆ ಉಂಗುರ. ನನಗೆಂದೇ ಹೊಲಿದು ತಂದಿದ್ದ. ಅವನು ಮರದ ಬುಡ ನೋಡಿದ, ನನ್ನ ಒದ್ದೆ ಬಾಯಿ ನೋಡಿದ. ಚಪ್ಪಲಿಯನ್ನು ಮೆಟ್ಟಿಲ ಮೇಲಿಟ್ಟು ಹೋದ.

ನಾನು ಆ ಚಪ್ಪಲಿ ಹಾಕಿಕೊಂಡೆ. ಕಾಲಿಗೆ ಹೇಳಿ ಮಾಡಿಸಿದ ಹಾಗಿದ್ದವು. ಅವನು ಹೊಲಿದದ್ದು ಕಾಲಿಗೆ ಬೇಕು, ಅವನು ಬಾಯಿಟ್ಟ ಬಟ್ಟಲು ಬೇಡ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮರುತಿಂಗಳು ಅವನು ಬರಲಾರ ಎಂದುಕೊಂಡಿದ್ದೆ. ಬಂದ. ನಾನು ಬಟ್ಟಲನ್ನು ಹಿಡಿದು ಅವನ ಮುಂದೆ ನಿಂತಾಗ, ಅವನು ಬಟ್ಟಲಿಗೆ ಕೈ ಚಾಚಲಿಲ್ಲ. ಬಗ್ಗಿ, ಎರಡೂ ಅಂಗೈ ಕೂಡಿಸಿ, ಬಾಯಿಯ ಹತ್ತಿರ ಬೊಗಸೆ ಹಿಡಿದ. ನಮ್ಮೂರ ಬಾವಿಕಟ್ಟೆಯ ಕೆಳಗೆ, ಕಣದ ಆಚೆ, ಅವನ ಜನ ಯಾವಾಗಲೂ ಹಿಡಿಯುವ ಹಾಗೆ.

ನಾನು ತಡೆದು ನಿಲ್ಲಬಹುದಿತ್ತು. ಅವನ ಕೈ ಬಿಡಿಸಿ ಬಟ್ಟಲನ್ನು ಕೊಡಬಹುದಿತ್ತು. ಸುರಿದೆ. ಎಷ್ಟು ಎತ್ತರದಿಂದ ಸುರಿಯಬೇಕು ಎಂದು ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸರಿಯಾಗಿ ಒಂದು ಗೇಣು. ಆ ದಿನ ಉಳಿದ ರಸವನ್ನು ನೆಮ್ಮದಿಯಿಂದ ಕುಡಿದೆ. ಆ ನೆಮ್ಮದಿಗಿಂತ ನಾಚಿಕೆಗೇಡು ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಸಾ ಪೋ ತೇನ್ ಸೂಕ್ಷ್ಮದ ಮನುಷ್ಯ. ಆರಾಧನೆಯಾದ ಮೇಲೆ ಕೇಳಿದರು. "ಆ ಸಹೋದರ ಕೈಯಲ್ಲಿ ತೆಗೆದುಕೊಂಡನಲ್ಲ, ಅದು ನಿಮ್ಮ ದೇಶದ ಕ್ರಮವೇ?"

ನಿಜ ಹೇಳಲು ಒಂದು ಗಳಿಗೆ ಸಾಕಿತ್ತು. ಹೇಳಿದ್ದರೆ ಅವರು ನನ್ನನ್ನು ಏನೆಂದುಕೊಳ್ಳುತ್ತಿದ್ದರು? ಹೊನ್ನಾಳಿಯ ಹೊಳೆಯ ಪ್ರಸಂಗ ಏನಾಗುತ್ತಿತ್ತು? "ಹೌದು," ಎಂದೆ. "ನಮ್ಮ ದೇಶದ ವಿನಯದ ಕ್ರಮ. ನನ್ನದು ಎಂಬುದು ಏನೂ ಇಲ್ಲ, ಬರಿಗೈಯಲ್ಲಿ ಬಂದಿದ್ದೇನೆ ಎಂದು ಅದರ ಅರ್ಥ."

ಅವರ ಕಣ್ಣು ತುಂಬಿ ಬಂತು. ಮುಂದಿನ ತಿಂಗಳು ಅವರೂ ಬೊಗಸೆ ಹಿಡಿದರು. ಆಮೇಲೆ ಅವರ ಹೆಂಡತಿ, ಆಮೇಲೆ ದಾದಿಯರು, ಆಮೇಲೆ ಒಬ್ಬ ಸ್ಕಾಟ್ಲೆಂಡಿನ ದೊರೆಸಾನಿ ಕೈಗವಸು ಕಳಚಿಟ್ಟು ಹಿಡಿದಳು. ನಾನು ಅದರ ಮೇಲೆ ಒಂದು ಪ್ರಸಂಗವನ್ನೇ ಮಾಡಿದೆ. ಯಾವುದೋ ಮಿಶನ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು, ನನ್ನ ಹೆಸರಿನ ಸಮೇತ. ಪತ್ರಿಕೆಯನ್ನು ನಾನು ಎರಡು ಪ್ರತಿ ತೆಗೆದಿಟ್ಟುಕೊಂಡಿದ್ದೆ.

ಒಂದು ವರ್ಷ ತುಂಬುವಷ್ಟರಲ್ಲಿ ಆ ದೇವಾಲಯದಲ್ಲಿ ಬಟ್ಟಲಿಗೆ ಬಾಯಿಡುವವರೇ ಇರಲಿಲ್ಲ. ಹಾಗೆ ಎಲ್ಲರೂ ಬೊಗಸೆ ಹಿಡಿದು ನಿಂತ ಮೊದಲ ಭಾನುವಾರ, ಅಂಜಿನಪ್ಪ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಕೈಗಳನ್ನು ನೋಡಿದ. ನಾನು ಅವನ ಮುಂದೆ ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನನ್ನನ್ನು ನೇರವಾಗಿ ಒಂದು ಸಲ ನೋಡಿ, ಸಾಲಿನಿಂದ ಹೊರಬಿದ್ದು, ಬಾಗಿಲು ದಾಟಿ ಹೋದ. ಮತ್ತೆ ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ. ಬೂಟಿನ ಅಂಗಡಿ ದೇವಾಲಯದಿಂದ ಮೂರು ಬೀದಿ ಆಚೆ ಇತ್ತು, ಅಷ್ಟೇ.

ನಲವತ್ತೊಂದರ ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಪಾದ್ರಿ ಎಂದು ನನಗೆ ಹಡಗಿನಲ್ಲಿ ಜಾಗ ಸಿಕ್ಕಿತು. ಅಂಜಿನಪ್ಪನಂಥವರು ಕಾಡು ಬೆಟ್ಟ ಹತ್ತಿ ನಡೆದು ಹೊರಟರು ಎಂದು ಆಮೇಲೆ ಕೇಳಿದೆ. ಅವರಲ್ಲಿ ಎಷ್ಟೋ ಜನ ದಾರಿಯಲ್ಲೇ ಉಳಿದರು ಎಂದೂ ಕೇಳಿದೆ. ಚನ್ನಗಿರಿಗೆ ಬಂದ ಮೇಲೆ ನಾನು ಯಾವ ಸಭೆಯ ಬಾಗಿಲಿಗೂ ಹೋಗಲಿಲ್ಲ.

ಈಗ ಈ ಕಾಗದ. ವಾರವಿಡೀ ಹಾಳೆ ಮುಂದಿಟ್ಟುಕೊಂಡು ಕೂತೆ. ಊರವರ ಅರ್ಜಿಗಳನ್ನು ಬರೆಯುವ ಕೈಗೆ ಒಂದು ಸಾಲು ಬರೆಯಲಾಗಲಿಲ್ಲ. ಕಡೆಗೆ ಒಂದು ಉಪಾಯ ಹೊಳೆಯಿತು. ಅಂಜಿನಪ್ಪ ಬದುಕಿದ್ದರೆ ಹುಡುಕಿಕೊಂಡು ಹೋಗುವುದು. ತಪ್ಪೊಪ್ಪಿಕೊಳ್ಳುವುದು. ಅವನ ಮನೆಯ ಮುಂದೆ ನಾನು ಬೊಗಸೆ ಹಿಡಿದು ನಿಲ್ಲುವುದು, ಅವನು ಸುರಿಯುವುದು, ನಾನು ಕುಡಿಯುವುದು. ಅವನು ಕ್ಷಮಿಸಿದರೆ ಆ ಸಾಲೂ ಬರೆಯಬಹುದು, ರಂಗೂನಿಗೂ ಹೋಗಬಹುದು. ಯೋಚಿಸಿದಷ್ಟೂ ಆ ಚಿತ್ರ ಚೆಂದ ಕಾಣಿಸಿತು. ಇದನ್ನೂ ಒಂದು ಪ್ರಸಂಗ ಮಾಡಬಹುದು ಎನ್ನುವ ಯೋಚನೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಪೆಟ್ರೋಲು ಸಿಗದ ಕಾಲದ ಇದ್ದಿಲಿನ ಬಸ್ಸು ಹತ್ತಿ ದಾವಣಗೆರೆ, ಅಲ್ಲಿಂದ ಇನ್ನೊಂದು ಇದ್ದಿಲಿನ ಬಸ್ಸಿನಲ್ಲಿ ಜಗಳೂರು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಜಗಳೂರಿನಲ್ಲಿ ಇಳಿದಾಗ ನನ್ನ ಬಿಳಿಯ ಕೋಟು ಕಪ್ಪಗಾಗಿತ್ತು. ರಂಗೂನಿಗೆ ಹೋಗಿ ಬಂದ ಅಂಜಿನಪ್ಪ ಎಂದು ಸಂತೆ ಬಯಲಿನಲ್ಲಿ ಕೇಳಿದರೆ ಒಬ್ಬ ಗಾಡಿಯವನಿಗೆ ಗೊತ್ತಿತ್ತು. "ಬದುಕಿದಾನೆ. ಎರಡು ಹರದಾರಿ ನಡೀರಿ," ಎಂದ. ಸತ್ತಿದ್ದರೆ ಅಲ್ಲಿಂದಲೇ ತಿರುಗಿ ಹೋಗಬಹುದು ಎಂದು ಒಳಗೆ ಎಲ್ಲೋ ಕಾದಿದ್ದೆ ಅಂತ ಕಾಣುತ್ತದೆ.

ಊರ ಹೊರಗಿನ ಕೇರಿ. ಬೇವಿನ ಮರದ ಕೆಳಗೆ ಕೂತು ಅವನು ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಒಂದು ಕಾಲು ಮಡಿಸಲು ಬರದೆ ಮುಂದಕ್ಕೆ ಚಾಚಿಕೊಂಡಿತ್ತು. ತಲೆಯೆತ್ತಿದವನು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲಲ್ಲಿದ್ದ ಅವನದೇ ಚಪ್ಪಲಿಯನ್ನು.

"ಅಟ್ಟೆ ಬದಲಾಯ್ಸೀರಿ," ಎಂದ. "ಹೊಲಿಗೆ ಚಲೋ ಬಿದ್ದಿಲ್ಲ." ಆಮೇಲೆ ಮುಖ ನೋಡಿದ. "ಬರ್ರಿ ಅಯ್ಯಾರೆ. ಭಾಳ ದೂರ ಬಂದೀರಿ."

"ಅಂಜಿನಪ್ಪನೋರೆ, ನಿಮ್ಮನ್ನ ನೋಡಾಕೆ ಬಂದೆ," ಎಂದೆ.

ಅವನು ನಕ್ಕ. "ಇದೇನ್ರಿ, ಅಪ್ಪನೋರೆ, ನೀವು, ಅಂತೀರಿ? ಮೊದಲಿನಂಗೆ ನೀನು ಅನ್ರಿ. ಕಿವಿಗೆ ಒಗ್ಗಲ್ಲ."

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಕೂತರೆ ಮರೆತುಹೋದೀತು ಎಂದು ನಿಂತೇ ಹೇಳಿದೆ. ಹುಣಸೆ ಮರದ ಬುಡ, ಬಾಯಿ ಮುಕ್ಕಳಿಸಿದ್ದು, ಸಾ ಪೋ ತೇನರಿಗೆ ಹೇಳಿದ ಸುಳ್ಳು, ಪತ್ರಿಕೆ, ಈಗ ಬಂದ ಕಾಗದ, ಎಲ್ಲವನ್ನೂ ಹೇಳಿದೆ. ಅವನು ಬಾನಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಅವನ ಹೆಂಡತಿ ಅಂಜಿನಮ್ಮ ಬಾಗಿಲಿಗೆ ಬಂದು ನಿಂತು ಕೇಳಿದಳು.

"ನಂಗೆ ಗೊತ್ತಿತ್ತಲ್ಲ ಅಯ್ಯಾರೆ," ಎಂದ ಕೊನೆಗೆ. "ಅದಕ್ಕೇ ಕೈ ಒಡ್ಡಿದ್ದು. ನಿಮಗೆ ತ್ರಾಸಾಗೋದು ಬ್ಯಾಡ ಅಂತ. ನಮ್ಮ ಕಡೇರು ಒಬ್ರು ಅಷ್ಟು ಜನದ ಮುಂದೆ ಮರ್ಯಾದಿಯಿಂದ ನಿಂತಿದ್ರಿ. ಕೆಡಸಾದು ಬ್ಯಾಡ ಅನ್ನಿಸ್ತು. ನೀವು ಅದನ್ನ ಹಿಡ್ಕಂಡು ಭಜನಿ ಮಾಡ್ತೀರಿ ಅಂತ ನಂಗೇನು ಗೊತ್ತು?"

ನನ್ನ ಕಣ್ಣಲ್ಲಿ ನೀರು ಬಂತು. ಇದೇ ಸಮಯ ಎನ್ನಿಸಿತು. "ಅಂಜಿನಮ್ಮನೋರೆ, ಬಾಯಾರಿಕೆ ಆಗೇತಿ. ಒಂದು ಲೋಟ ನೀರು ತರ್ರಿ," ಎಂದೆ. ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ ಮೇಲೆ ಒಳಗೆ ಹೋಗಿ ಕೊಡ ಬಗ್ಗಿಸಿ ಒಂದು ಪಿಂಗಾಣಿ ಲೋಟದಲ್ಲಿ ನೀರು ತಂದಳು. ಅಂಚಿನ ಬಣ್ಣ ಹಾರಿದ, ರಂಗೂನಿನ ಬಜಾರಿನ ಲೋಟ.

ನಾನು ಅವಳ ಮುಂದೆ ಬಗ್ಗಿದೆ. ಎರಡೂ ಅಂಗೈ ಕೂಡಿಸಿ ಬೊಗಸೆ ಹಿಡಿದೆ.

"ಕೈ ತೆಗೀರಿ," ಎಂದ ಅಂಜಿನಪ್ಪ. ದನಿ ಏರಿಸಿರಲಿಲ್ಲ. ಆದರೆ ಬಾನಿ ಹೊಲಿಯುವ ದಬ್ಬಳ ನಿಂತಿತ್ತು. "ನಮಗೆ ಬ್ಯಾರೆ ದಾರಿ ಇರಲಿಲ್ಲ, ಅದಕ್ಕೆ ಬೊಗಸೆ ಹಿಡಿದ್ವಿ. ನಿಮಗೇನು ಬಂದೈತೆ? ಅದು ಒಂದನ್ನಾದ್ರೂ ನಮಗೆ ಬಿಡ್ರಿ. ಲೋಟ ಐತಲ್ಲ, ಬಾಯಿ ಹಚ್ಚಿ ಕುಡೀರಿ. ಬರ್ಮಾದಿಂದ ನಡ್ಕಂತ ಬರೋವಾಗ ಇದೊಂದೇ ಲೋಟದಾಗೆ ಏಳು ಜನ ಕುಡಿದೀವಿ. ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ."

ಕೈ ಬಿಡಿಸಿಕೊಂಡೆ. ಲೋಟ ತೆಗೆದುಕೊಂಡೆ. ಕುಡಿಯಬೇಕು, ಕಚ್ಚಿ ಕುಡಿಯಬೇಕು, ಇದಕ್ಕೆಂದೇ ಬಂದದ್ದು ಎಂದುಕೊಳ್ಳುತ್ತಲೇ ಕುಡಿದೆ. ಗಟಗಟ ಕುಡಿದು ಮುಗಿಸಿ ಕಣ್ಣು ಹೊರಳಿಸಿದಾಗ ಅಂಜಿನಮ್ಮನ ಕಣ್ಣು ಕಂಡಿತು. ಅವಳು ನನ್ನ ಕೈ ಇದ್ದ ಎತ್ತರವನ್ನು ನೋಡುತ್ತಿದ್ದಳು. ನನ್ನ ಕತ್ತು ಹಿಂದಕ್ಕೆ ಬಾಗಿತ್ತು, ಲೋಟ ಬಾಯಿಂದ ಒಂದು ಗೇಣು ಮೇಲಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಎತ್ತಿ ಕುಡಿದಿದ್ದೆ.

"ತಪ್ಪಾತು," ಎಂದೆ. "ರೂಢಿ ನೋಡ್ರಿ. ಇನ್ನೊಂದು ಲೋಟ ಕೊಡ್ರಿ."

"ಕೊಡದಾಗೆ ಇಲ್ಲ," ಎಂದಳು ಅಂಜಿನಮ್ಮ. "ಬಾವಿತಾವ ಊರೋರು ಯಾರಾದ್ರೂ ಸೇದಿ ಹಾಕ್ಬೇಕು. ಸಂಜೀತನ ಕಾಯ್ಬೇಕು."

"ನಾನೇ ತರ್ತೀನಿ," ಎಂದೆ. ಅಂಜಿನಪ್ಪ ಬ್ಯಾಡ್ರಿ ಎಂದ. ನಾನು ಕೇಳಲಿಲ್ಲ. ಬಾಗಿಲ ಒಳಗೆ ಮೂಲೆಯಲ್ಲಿದ್ದ ಮಣ್ಣಿನ ಕೊಡವನ್ನು ಎತ್ತಿಕೊಂಡು ಬಾವಿಯ ಕಡೆ ಹೊರಟೆ. ಹೆಗಲ ಮೇಲೆ ಆ ಕೊಡ ಇದ್ದದ್ದಕ್ಕೆ ನನಗೆ ಮತ್ತೆ ಹೆಮ್ಮೆ ಬರಲು ಶುರುವಾಗಿತ್ತು.

ಬಾವಿ ಕೂಗಳತೆಯ ದೂರದಲ್ಲೇ ಇತ್ತು. ಕಟ್ಟೆಯ ಮೇಲೆ ಒಬ್ಬ ಹಿರಿಯ ಹೆಂಗಸು ನೀರು ಸೇದುತ್ತಿದ್ದಳು, ಹಣೆಯ ತುಂಬಾ ವಿಭೂತಿ. ಕೊಡ ನೋಡಿದ್ದೇ ಹಗ್ಗ ಬಿಗಿಹಿಡಿದಳು.

"ಅಲ್ಲೇ ನಿಲ್ಲು. ಅದು ಅಂಜಿನಪ್ಪನ ಮನೆ ಕೊಡ. ಯಾರು ನೀನು? ಯಾರ ಪೈಕಿ?"

ಕ್ರೈಸ್ತ ಎಂದಿದ್ದರೆ ಮುಗಿಯುತ್ತಿತ್ತು. ನೀರು ಸಿಗುತ್ತಿರಲಿಲ್ಲ, ನಾನೂ ಕೆಳಗೆ ನಿಂತು ಸಂಜೆಯವರೆಗೆ ಕಾಯಬೇಕಾಗುತ್ತಿತ್ತು. ಅಂಜಿನಮ್ಮ ದಿನವೂ ಕಾಯುವ ಹಾಗೆ. ಕಡಲಾಚೆ ಐದಾರು ವರ್ಷ ಸಭೆ ನಡೆಸಿದವನು ನಾನು. ಒಂದು ಮಾತು ಆಡಬೇಕಿತ್ತು.

"ನ್ಯಾಮತಿಯೋರು ಕಣವ್ವ," ಎಂದೆ. "ಅಡಿಕೆ ಮಲ್ಲಿಕಾರ್ಜುನಪ್ಪನೋರ ಮಗ, ಹಾಲಸ್ವಾಮಿ. ಬಾನಿ ಹೊಲಿಸಾಕೆ ಬಂದಿದ್ದೆ. ಅವನಿಗೆ ನೀರು ಬೇಕಂತೆ. ಕಾಲು ಬರಲ್ಲ ಅಂದ, ಪಾಪ ಅಂತ ಬಂದೆ."

ಅವಳ ಮುಖ ಸಡಿಲವಾಯಿತು. "ಅಯ್ಯ, ನಮ್ಮೋರೇ ಆದ್ರಿ. ನೀವ್ಯಾಕ್ರಿ ಆ ಕೊಡ ಮುಟ್ಟಿದ್ರಿ? ಮನಿಗೆ ಹೋಗಿ ಸ್ನಾನ ಮಾಡ್ರಿ. ಕೆಳಗಿಡ್ರಿ, ಹಾಕ್ತೀನಿ." ಕೊಡ ಕೆಳಗಿಟ್ಟೆ. ಅವಳು ಮೇಲಿನಿಂದ ಸುರಿದಳು, ಕೊಡಕ್ಕೆ ತಾಗದ ಹಾಗೆ, ಒಂದು ಗೇಣು ಬಿಟ್ಟು.

ತುಂಬಿದ ಕೊಡವನ್ನು ಹೊತ್ತು ತಂದು ಬಾಗಿಲಲ್ಲಿ ಇಳಿಸಿದೆ. ಅಂಜಿನಪ್ಪ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ.

"ಗಾಳಿ ಈ ಕಡೀಗೆ ಐತೆ ಅಯ್ಯಾರೆ," ಎಂದ. "ಬಾವಿತಾವ ಆಡಿದ್ದು ಇಲ್ಲಿಗೆ ಕೇಳಿಸ್ತೈತೆ."

ಅಂಜಿನಮ್ಮ ಹೊಸ ನೀರಿನಲ್ಲಿ ಲೋಟ ತುಂಬಿಸಿ ನನ್ನ ಮುಂದೆ ಹಿಡಿದಳು. "ನೀವೇ ತಂದಿದ್ದು. ಕುಡೀರಿ," ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಬೇಡ ಎಂದು ತಲೆಯಾಡಿಸಿದೆ. ಅವಳು ಅದನ್ನು ಗಂಡನಿಗೆ ಕೊಟ್ಟಳು. ಅವನು ಅರ್ಧ ಕುಡಿದು ಅವಳಿಗೆ ಕೊಟ್ಟ, ಅವಳು ಉಳಿದದ್ದನ್ನು ಕುಡಿದಳು. ನಾನು ನೋಡುತ್ತಾ ನಿಂತೆ. ಆಮೇಲೆ ಜಗಳೂರಿನ ದಾರಿ ಹಿಡಿದೆ.

ಚನ್ನಗಿರಿಗೆ ಬಂದ ಮರುದಿನ ಸಾ ಪೋ ತೇನರಿಗೆ ಉತ್ತರ ಬರೆದೆ. ಒಂದು ಸಾಲು ಕೇಳಿದ್ದರು, ಎಂಟು ಹಾಳೆಯಾಯಿತು. ಬೊಗಸೆ ನಮ್ಮ ದೇಶದಲ್ಲಿ ಯಾರು ಹಿಡಿಯುತ್ತಾರೆ, ಯಾಕೆ ಹಿಡಿಯುತ್ತಾರೆ, ನಾನು ಅದನ್ನು ಏನೆಂದು ಹೇಳಿದೆ, ಎಲ್ಲವನ್ನೂ ಬರೆದೆ. ಬಾವಿಕಟ್ಟೆಯ ಮಾತನ್ನೂ ಬಿಡಲಿಲ್ಲ. ನಿಮ್ಮ ಕಲ್ಲನ್ನು ಖಾಲಿ ಬಿಡಿ, ಬಟ್ಟಲಿಗೆ ಬಾಯಿಟ್ಟು ಕುಡಿಯಿರಿ, ನಾನು ಬರುವುದಿಲ್ಲ ಎಂದು ಕೊನೆಯಲ್ಲಿ ಬರೆದೆ. ಕಳಿಸಿ ಏಳು ತಿಂಗಳಾಯಿತು. ಉತ್ತರ ಬಂದಿಲ್ಲ.

ಅಂದಿನಿಂದ ನಾನು ಲೋಟಕ್ಕೆ ಬಾಯಿಟ್ಟೇ ನೀರು ಕುಡಿಯುತ್ತೇನೆ. ಮೊದಮೊದಲು ಕೈ ಮೇಲಕ್ಕೆ ಹೋಗುತ್ತಿತ್ತು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ಇಳಿಸುತ್ತಿದ್ದೆ. ಈಗ ರೂಢಿಯಾಗಿದೆ. ಬಾಗಿಲು ಹಾಕಿದ ಕೋಣೆ, ನನ್ನದೇ ಲೋಟ, ನನ್ನದೇ ಎಂಜಲು. ಅದಕ್ಕೇನು ಕಷ್ಟ.